ಸುಕ್ಕು ಬಟಾಣಿ ಮತ್ತು ಎರಡು ಭಾಷಣಗಳು

ಹೆತ್ತವರ ಗುಣ ಮುಂದಿನ ತಲೆಮಾರಿಗೆ ಹೇಗೆ ಹೋಗುತ್ತದೆ ಎಂದು ಬಟಾಣಿ ಗಿಡಗಳಲ್ಲಿ ಲೆಕ್ಕ ಹಾಕಿ ನೋಡಿದ ಮೆಂಡೆಲ್ ಅದರ ಬಗ್ಗೆ ಭಾಷಣ ಮಾಡಿದರು, ಯಾರಿಗೂ ಏನೂ ಅರ್ಥವಾಗಲಿಲ್ಲ, ಎಲ್ಲರೂ ಎದ್ದು ಮನೆಗೆ ಹೋದರು. ಈ ಕಥೆ ನಮಗೆಲ್ಲ ಬಾಯಿಪಾಠ, ಅಲ್ವಾ? ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಅವರ ಭಾಷಣ ಕೇಳಿದ, ಈಗಿನ ಚೆಕ್ ದೇಶದ ಬ್ರನೋ ಊರಿನ ಆ ಪುಟ್ಟ ಸಂಘಕ್ಕೆ ಇದು ಅನ್ಯಾಯ.

ಅದು 1861ರಲ್ಲಿ ಶುರುವಾದ ನಿಸರ್ಗ ವಿಜ್ಞಾನ ಸಂಘ. ಶಾಲಾ ಮೇಷ್ಟ್ರುಗಳು, ಗಿಡಮೂಲಿಕೆ ಬಲ್ಲವರು, ಹವಾಮಾನ ದಾಖಲಿಸುವವರು ಸೇರುತ್ತಿದ್ದ ಜಾಗ. 1865ರ ಜನವರಿಯಲ್ಲಿ ಅಲ್ಲಿ ಮಕೋವ್ಸ್ಕಿ ಎಂಬವರು ಡಾರ್ವಿನ್ ವಾದದ ಬಗ್ಗೆ ಮಾತಾಡಿದ್ದರು. ಅದಾದ ಮೇಲೆ ಫೆಬ್ರವರಿ 8 ಮತ್ತು ಮಾರ್ಚ್ 8ರ ಸಂಜೆಗಳು ಪಾದ್ರಿ ಮೆಂಡೆಲ್ ಅವರವು. ಕೇಳಲು ಬಂದವರು ಸುಮಾರು 40 ಜನ. ಊರಿನ ಪತ್ರಿಕೆ ವರದಿಯನ್ನೂ ಮಾಡಿತು. ಮರುವರ್ಷ ಸಂಘ ಆ ಭಾಷಣವನ್ನು ಅಚ್ಚು ಹಾಕಿಸಿ, ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಕಳಿಸಿತು. ಒಂದು ಜಿಲ್ಲಾ ಮಟ್ಟದ ಸಂಘ ಇನ್ನೇನು ಮಾಡಬೇಕಿತ್ತು? 1900ರಲ್ಲಿ ಮತ್ತೆ ಬೆಳಕಿಗೆ ಬರುವವರೆಗೆ ಅದನ್ನು ಕಪಾಟಿನಲ್ಲೇ ಬಿಟ್ಟದ್ದು ದೊಡ್ಡ ದೊಡ್ಡ ಊರಿನವರು.

ಆ ಭಾಷಣದ ಲೆಕ್ಕ ಹತ್ತನೇ ತರಗತಿಯಲ್ಲೇ ಕಲಿತಿದ್ದೇವೆ. ಗುಂಡು ಬಟಾಣಿಗೂ ಸುಕ್ಕು ಬಟಾಣಿಗೂ ಅಡ್ಡತಳಿ ಮಾಡಿದರೆ ಮೊದಲ ತಲೆಮಾರು ಪೂರ್ತಿ ಗುಂಡು. ಅದರ ಮುಂದಿನ ತಲೆಮಾರಿನಲ್ಲಿ 5474 ಗುಂಡು, 1850 ಸುಕ್ಕು. ಮೂರಕ್ಕೆ ಒಂದು. ಅದನ್ನು ಅಲ್ಲಿಗೇ ಬಿಡೋಣ. ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಬೇರೆ. ಅಸಲಿಗೆ ಬಟಾಣಿ ಸುಕ್ಕಾಗುವುದು ಯಾಕೆ?

ಉತ್ತರ ಸಿಕ್ಕಿದ್ದು 1990ರಲ್ಲಿ, ಇಂಗ್ಲೆಂಡಿನ ನಾರಿಚ್‌ನಲ್ಲಿ. ಭಾಷಣವಾಗಿ 125 ವರ್ಷದ ನಂತರ!

ಬಟಾಣಿ ಬೆಳೆಯುವಾಗ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತದೆ. ಸಕ್ಕರೆಯ ತುಣುಕುಗಳು ಸರಪಳಿಯಾಗಬೇಕು, ಆ ಸರಪಳಿಗೆ ಕೊಂಬೆ ಒಡೆಯಬೇಕು. ಕೊಂಬೆ ಒಡೆಸಲು ಒಂದು ಕಿಣ್ವವಿದೆ. ಸುಕ್ಕು ಬಟಾಣಿಯಲ್ಲಿ ಆ ಕಿಣ್ವ ಕೆಟ್ಟಿದೆ. ಹಾಗಾಗಿ ಪಿಷ್ಟ ಕಡಿಮೆ, ಸಕ್ಕರೆ ಜಾಸ್ತಿ. ಮಳೆಗಾಲದಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ನೀರೂರುತ್ತದಲ್ಲ, ಹಾಗೆಯೇ ಸಕ್ಕರೆ ಇದ್ದಲ್ಲಿಗೆ ನೀರು ಬರುತ್ತದೆ. ಎಳೆಯ ಕಾಳು ನೀರು ಕುಡಿದು ಉಬ್ಬುತ್ತದೆ. ಸಿಪ್ಪೆಯೂ ಆ ಗಾತ್ರಕ್ಕೆ ಹಿಗ್ಗುತ್ತದೆ. ಒಣಗುವಾಗ ನೀರು ಹೋಗಿ ಒಳಗಿನದು ಕುಗ್ಗುತ್ತದೆ, ಸಿಪ್ಪೆ ಮಾತ್ರ ಹಾಗೇ ಉಳಿಯುತ್ತದೆ. ಮೈ ಇಳಿದವರ ಹಳೆಯ ಅಂಗಿಯಂತೆ. ದ್ರಾಕ್ಷಿ ಒಣದ್ರಾಕ್ಷಿ ಆದಂತೆ.

ಕಿಣ್ವ ಕೆಟ್ಟದ್ದು ಹೇಗೆ? ಆ ಕಿಣ್ವ ಮಾಡುವ ವಿಧಾನ ಬರೆದಿರುವ ಜೀನಿನ ನಡುವೆ ಸುಮಾರು 800 ಅಕ್ಷರಗಳ ಡಿಎನ್‌ಎ ತುಂಡೊಂದು ಬಂದು ಕೂತಿತ್ತು. ಅಜ್ಜಿಯ ಅಡುಗೆ ಪುಸ್ತಕದಲ್ಲಿ ಹೋಳಿಗೆ ಮಾಡುವ ವಿಧಾನದ ಮಧ್ಯೆ ಯಾರೋ ಬಸ್ಸಿನ ವೇಳಾಪಟ್ಟಿ ಹೊಲಿದಂತೆ. ಹೂರಣದವರೆಗೆ ಸರಿ, ಆಮೇಲೆ ಬರೀ ಬಸ್ಸು. ಆ ತುಂಡು ಎಲ್ಲಿಂದ ಬಂತು ಎಂದು ನೋಡಿದರೆ, ಅದು ಜಾಗ ಬದಲಿಸುವ ಜೀನುಗಳ ಜಾತಿಗೆ ಸೇರಿದ್ದು!

ಇಲ್ಲಿ ಎರಡನೇ ಭಾಷಣ ಬರುತ್ತದೆ. 1951ರಲ್ಲಿ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಮಾತಾಡಿದರು. ಜೀನುಗಳು ದಾರದಲ್ಲಿ ಪೋಣಿಸಿದ ಮಣಿಗಳು, ಕೂತಲ್ಲೇ ಕೂತಿರುತ್ತವೆ ಎಂದು ನಂಬಿದ್ದ ಕಾಲ. ಮೆಕ್ಕೆಜೋಳದಲ್ಲಿ ಕೆಲವು ಮಣಿಗಳು ಎದ್ದು ಓಡಾಡುತ್ತವೆ ಎಂದರು ಅವರು. ಸಾಕ್ಷಿ ಏನು? ಕಾಳಿನ ಮೇಲಿನ ಮಚ್ಚೆಗಳು. ಬಣ್ಣದ ಜೀನಿನಲ್ಲಿ ಹಾರುವ ತುಂಡು ಕೂತಿದ್ದರೆ ಕಾಳಿಗೆ ಬಣ್ಣವಿಲ್ಲ. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ ಆ ಕೋಶಕ್ಕೂ ಅದರ ಸಂತತಿಗೂ ಬಣ್ಣ ಮರಳುತ್ತದೆ. ಬೇಗ ಹಾರಿದರೆ ದೊಡ್ಡ ಮಚ್ಚೆ, ತಡವಾಗಿ ಹಾರಿದರೆ ಚುಕ್ಕೆ. ನೂರು ವರ್ಷದ ಹಿಂದೆ ಊರು ಬಿಟ್ಟ ಮುತ್ತಜ್ಜನ ವಂಶ ಇವತ್ತು ಇಡೀ ಬೀದಿ ತುಂಬಿರುತ್ತದೆ. ಮೊನ್ನೆ ಬಿಟ್ಟವನದ್ದು ಒಂದೇ ಮನೆ. ಮಚ್ಚೆಯ ಅಗಲ ನೋಡಿಯೇ ಆ ತುಂಡು ಯಾವಾಗ ಹೊರಟಿತು ಎಂದು ಅವರು ಹೇಳಬಲ್ಲವರಾಗಿದ್ದರು. ಎಂಥ ಕಣ್ಣು!

ಅವರನ್ನು ಎಲ್ಲರೂ ತಳ್ಳಿಹಾಕಿದರು ಎಂಬ ಮಾತೂ ಪೂರ್ತಿ ಸರಿಯಲ್ಲ. ಮೆಕ್ಕೆಜೋಳದಲ್ಲಿ ಜೀನು ಹಾರುತ್ತದೆ ಎಂಬುದನ್ನು ಅನೇಕರು ಒಪ್ಪಿದ್ದರು. ಇಡೀ ಜೀವಿಯ ಬೆಳವಣಿಗೆಯನ್ನೇ ಈ ತುಂಡುಗಳು ನಿಯಂತ್ರಿಸುತ್ತವೆ ಎಂಬ ಅವರ ಮಾತು ಗಂಟಲಲ್ಲಿ ಇಳಿಯಲಿಲ್ಲ. 1983ರಲ್ಲಿ, 81ನೇ ವಯಸ್ಸಿನಲ್ಲಿ ನೊಬೆಲ್ ಬಂತು. ಅದಾಗಿ 7 ವರ್ಷಕ್ಕೆ ಗೊತ್ತಾಯಿತು, ಬಟಾಣಿಯೊಳಗೆ ಸಿಕ್ಕ ತುಂಡು ಅವರ ಮೆಕ್ಕೆಜೋಳದ ತುಂಡುಗಳ ನೆಂಟನೇ.

ಈಗ ಪಠ್ಯದ ಒಂದು ಪದದ ಮೇಲೆ ನನ್ನ ತಕರಾರು. ಮೊದಲ ತಲೆಮಾರಿನಲ್ಲಿ ಕಾಣಿಸಿಕೊಂಡ ಗುಂಡು ಗುಣವನ್ನು ಪಠ್ಯ 'ಪ್ರಬಲ' ಎನ್ನುತ್ತದೆ. 'ಪ್ರಬಲ' ಎಂದ ಕೂಡಲೇ ಒಂದು ಜೀನು ಇನ್ನೊಂದನ್ನು ಹೊಡೆದು ಮಲಗಿಸಿದಂತೆ ಮಕ್ಕಳು ತಿಳಿಯುತ್ತಾರೆ. ಇಲ್ಲಿ ಜಗಳವೇ ಇಲ್ಲ. ಪ್ರತಿ ಜೀನಿಗೂ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಮನೆಯಲ್ಲಿ ಎರಡು ಅಡುಗೆ ಪುಸ್ತಕವಿದ್ದು ಒಂದು ಹರಿದಿದ್ದರೂ ಇನ್ನೊಂದನ್ನು ನೋಡಿ ಹೋಳಿಗೆ ಮಾಡಬಹುದು. ಎರಡೂ ಹರಿದಿದ್ದರೆ ಮಾತ್ರ ಸುಕ್ಕು.

ಮಗುವಿಗೆ ಹೀಗೆ ಬರುವ ಕಾಯಿಲೆ ಕಾಣಿಸಿಕೊಂಡಾಗ ನಮ್ಮಲ್ಲಿ ಏನಾಗುತ್ತದೆ? 'ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಇಲ್ಲ' ಎನ್ನುತ್ತಾರೆ. ನಾಗದೋಷ ಎನ್ನುತ್ತಾರೆ, ಸೊಸೆಯ ಕಾಲ್ಗುಣ ಎನ್ನುತ್ತಾರೆ. ನನಗೆ ಇದನ್ನು ಕೇಳಿ ಸಂಕಟವಾಗುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಹರಿದ ಪ್ರತಿ ಇತ್ತು, ಇಬ್ಬರೂ ಆರೋಗ್ಯವಾಗಿದ್ದರು, ಅಷ್ಟೇ. ಇಬ್ಬರದೂ ಸಮಪಾಲು, ಯಾರ ತಪ್ಪೂ ಅಲ್ಲ. ಮತ್ತೆ, ಮೊದಲ ಮಗುವಿಗೆ ಬಂತು, ಇನ್ನು ಮುಂದಿನ ಮೂರು ಮಕ್ಕಳಿಗೆ ಭಯವಿಲ್ಲ ಎನ್ನುವುದೂ ತಪ್ಪು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಹೊಸದಾಗಿ ಬರುತ್ತದೆ. ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆ ನಮ್ಮಲ್ಲಿ ಇನ್ನೂ ಇದೆ. ಸೋದರಮಾವ ಮತ್ತು ಅಕ್ಕನ ಮಗಳು ಸರಾಸರಿ ಕಾಲುಭಾಗ ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಹಾಗಾಗಿ ಇಬ್ಬರ ಕೈಯಲ್ಲೂ ಒಂದೇ ಹರಿದ ಪುಟ ಇರುವ ಸಾಧ್ಯತೆ ಜಾಸ್ತಿ. ಅಂಥ ಮದುವೆಗೆ ಮುಂಚೆ ಜಾತಕದ ಬದಲು ಆನುವಂಶಿಕ ಸಲಹೆ ಕೇಳುವುದು ಎಷ್ಟೋ ಮೇಲು.

ಬೀಜದ ಅಂಗಡಿಯಲ್ಲಿ ಅರ್ಕೆಲ್ ತಳಿಯ ಬಟಾಣಿ ಸಿಕ್ಕರೆ ಒಂದು ಪ್ಯಾಕೆಟ್ ಬಿಚ್ಚಿ ನೋಡಿ. ಕಾಳೆಲ್ಲ ಸುಕ್ಕು. ಅದನ್ನು ಬಿತ್ತಿ, ಹಸಿಯಾಗಿರುವಾಗಲೇ ಕಿತ್ತು ಬಾಯಿಗೆ ಹಾಕಿಕೊಂಡರೆ ಸಿಹಿ. ಪಿಷ್ಟವಾಗದೆ ಉಳಿದ ಸಕ್ಕರೆ ಅದು.