ಉರುಳುತಡೆ: ಟೈರಿನ ಬಿಲ್ಲಿನಲ್ಲಿ ಕಾಣದ ಖರ್ಚು

ಗಾಳಿ ಇಳಿದ ಸೈಕಲ್ಲನ್ನು ತುಳಿದವರಿಗೆ ಉರುಳುತಡೆ ಎಂದರೇನೆಂದು ಮೊಣಕಾಲಿಗೇ ಗೊತ್ತಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ, ಎದುರುಗಾಳಿಯಿಲ್ಲದಿದ್ದಾಗಲೂ, ಚಕ್ರ ಉರುಳುವುದಕ್ಕೆ ಎದುರಾಗುವ ಅಡ್ಡಿಯೇ ಉರುಳುತಡೆ. ಟೈರಿನ ವ್ಯಾಪಾರದಲ್ಲಿ ಇದಕ್ಕೆ ರೋಲಿಂಗ್ ರೆಸಿಸ್ಟೆನ್ಸ್ ಎನ್ನುತ್ತಾರೆ. ಶಾಲೆಯಲ್ಲಿ ನಾವು ಕಲಿತ ಹೆಸರು ಉರುಳು ಘರ್ಷಣೆ. ಅದು ತಪ್ಪಲ್ಲವಾದರೂ ಟೈರಿನ ಮಟ್ಟಿಗೆ ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಘರ್ಷಣೆ ಎಂದೊಡನೆ ರಸ್ತೆಗೂ ರಬ್ಬರಿಗೂ ನಡೆಯುವ ಉಜ್ಜಾಟ ನೆನಪಾಗುತ್ತದೆ. ನಷ್ಟದ ಬಹುಪಾಲು ಆಗುವುದು ಮಾತ್ರ ಟೈರಿನ ಮೈಯೊಳಗೆ.

ಕಾರಿನ ಭಾರಕ್ಕೆ ಪ್ರತಿ ಟೈರಿನ ತಳವೂ ಹೆಚ್ಚುಕಡಿಮೆ ಅಂಗೈಯಗಲ ಚಪ್ಪಟೆಯಾಗಿ ನೆಲಕ್ಕೆ ಒತ್ತಿಕೊಂಡಿರುತ್ತದೆ. ಚಕ್ರ ತಿರುಗಿದಂತೆಲ್ಲ ಒಂದು ಭಾಗ ಬಾಗಿ ಚಪ್ಪಟೆಯಾಗುತ್ತದೆ, ಹಿಂದಿನ ಭಾಗ ಎದ್ದು ಮತ್ತೆ ಗುಂಡಗಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿಯನ್ನೆಲ್ಲ ರಬ್ಬರು ಹಿಂದಿರುಗಿಸುವುದಿಲ್ಲ, ಒಂದಷ್ಟನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ರಬ್ಬರ್ ಬ್ಯಾಂಡೊಂದನ್ನು ಹತ್ತಾರು ಸಲ ಬೇಗಬೇಗನೆ ಎಳೆದು ಬಿಟ್ಟು, ತುಟಿಗೆ ತಾಗಿಸಿ ನೋಡಿದರೆ ಆ ಬಿಸಿ ತಿಳಿಯುತ್ತದೆ. ಹೆದ್ದಾರಿಯಲ್ಲಿ ಓಡಿ ಬಂದ ಕಾರಿನ ಟೈರು ಮುಟ್ಟಿದರೆ ಬೆಚ್ಚಗಿರುವುದಕ್ಕೂ ಮುಖ್ಯ ಕಾರಣ ಇದೇ, ಮತ್ತು ಆ ಬಿಸಿಗೆ ನಾವು ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಟ್ಟಿರುತ್ತೇವೆ. ಉಕ್ಕಿನ ಹಳಿಯ ಮೇಲೆ ಓಡುವ ಉಕ್ಕಿನ ಗಾಲಿ ಬಾಗುವುದೇ ಅತ್ಯಲ್ಪವಾದ್ದರಿಂದ ರೈಲಿಗೆ ಈ ಕಾಟ ಬಹಳ ಕಡಿಮೆ.

ಈ ತಡೆಯನ್ನು ಒಂದು ಟನ್ ಭಾರಕ್ಕೆ ಎಷ್ಟು ಕಿಲೋ ಎಂದು ಅಳೆಯುವುದು ರೂಢಿ. ಜನ ಕೂತ ಮೇಲೆ 1,200 ಕಿಲೋ ತೂಗುವ ಕಾರಿಗೆ ಟನ್ನಿಗೆ 10 ಕಿಲೋ ತಡೆಯ ಟೈರು ಹಾಕಿದರೆ, ಯಾರೋ ಸದಾ 12 ಕಿಲೋ ಬಲದಿಂದ ಕಾರನ್ನು ಹಿಂದಕ್ಕೆ ಜಗ್ಗುತ್ತಿರುವಂತೆ. ಟನ್ನಿಗೆ 8 ಕಿಲೋ ತಡೆಯ ಟೈರು ಹಾಕಿದರೆ ಆ ಜಗ್ಗಾಟ 10 ಕಿಲೋಗಿಂತ ಕೆಳಗಿಳಿಯುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರವನ್ನು ತಲುಪುತ್ತದೆಂದು ಹಿಡಿದು ಲೆಕ್ಕ ಹಾಕಿದರೆ, ಪ್ರತಿ 100 ಕಿಲೋಮೀಟರಿಗೆ ಸುಮಾರು ಕಾಲು ಲೀಟರ್ ಉಳಿಯುತ್ತದೆ. ಟೈರು 40,000 ಕಿಲೋಮೀಟರ್ ಬಾಳಿದರೆ ಅದು ನೂರು ಲೀಟರ್ ಆಯಿತು; ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, 230 ಕಿಲೋ ಹೊಗೆಯೂ ತಪ್ಪಿತು. ಇದು ಕಾಗದದ ಮೇಲಿನ ಲೆಕ್ಕ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವವರಿಗೆ ಇಷ್ಟೇ ಸಿಗುತ್ತದೆಂದು ಹೇಳಲಾಗದು. ಆದರೂ ಅಂಗಡಿಯಲ್ಲಿ ಟೈರಿಗೆ ಐನೂರು ರೂಪಾಯಿ ಚೌಕಾಸಿ ಮಾಡುವಾಗ ಈ ನೂರು ಲೀಟರನ್ನು ಮರೆಯಬಾರದು.

ತಡೆ ತಗ್ಗಿಸಲು ಗಟ್ಟಿ ರಬ್ಬರು ಬಳಸಿದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ತೊಡಕಿರುವುದು ಅಲ್ಲಿಯೇ, ಏಕೆಂದರೆ ಬ್ರೇಕು ಹಾಕಿದಾಗ ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯಲು ರಬ್ಬರಿಗೆ ಅದೇ ಶಕ್ತಿ ನುಂಗುವ ಗುಣ ಬೇಕು. ಟೈರನ್ನು ಕಪ್ಪಾಗಿಸುವ ಕಾರ್ಬನ್ ಬ್ಲ್ಯಾಕಿನ ಒಂದು ಪಾಲಿನ ಬದಲು ಸಿಲಿಕಾ ಬೆರೆಸಿ, ಹಿಡಿತ ಬಿಡದೆ ತಡೆ ಇಳಿಸಿದ ಕಾರಿನ ಟೈರನ್ನು ಮಿಶೆಲಿನ್ ಕಂಪನಿ 1992ರಲ್ಲಿ ಮಾರುಕಟ್ಟೆಗೆ ತಂದಿತು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವವರು ಉರುಳುತಡೆಯೊಂದನ್ನೇ ನೋಡಿ ಟೈರು ಕೊಳ್ಳುವುದು ಜಾಣತನವಲ್ಲ. ಯುರೋಪಿನಲ್ಲಿ ಟೈರಿನ ಚೀಟಿಯ ಮೇಲೆ ಇಂಧನದ ದರ್ಜೆಯ ಪಕ್ಕದಲ್ಲೇ ಒದ್ದೆ ನೆಲದ ಹಿಡಿತದ ದರ್ಜೆಯೂ ಇರುತ್ತದೆ. ಅಲ್ಲಿ ಕಾರಿನ ಟೈರಿಗೆ ಎ ದರ್ಜೆ ಸಿಗಬೇಕಾದರೆ ತಡೆ ಟನ್ನಿಗೆ 6.5 ಕಿಲೋ ಮೀರಬಾರದು. ನಮ್ಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೂ 2022ರಲ್ಲಿ ಉರುಳುತಡೆ, ಒದ್ದೆ ನೆಲದ ಹಿಡಿತ, ಉರುಳುವ ಸದ್ದು ಈ ಮೂರಕ್ಕೂ ಮಾನದಂಡ ಗೊತ್ತುಮಾಡಿ ಅಧಿಸೂಚನೆ ಹೊರಡಿಸಿತು. ಫ್ರಿಜ್ಜಿನ ಮೇಲೆ ಕಾಣುವಂಥ ನಕ್ಷತ್ರದ ಚೀಟಿಯನ್ನು ಇಂಧನ ದಕ್ಷತಾ ಬ್ಯೂರೋ ಟೈರುಗಳಿಗೂ ತಂದಿದೆ.

ಅಂಗಡಿಯಲ್ಲಿ ಕಿವಿಗೊಟ್ಟು ಕೇಳಬೇಕಾದ ಇನ್ನೊಂದು ಪದ ಮೈಲೇಜ್. "ಇದು ಒಳ್ಳೆ ಮೈಲೇಜ್ ಕೊಡುತ್ತೆ ಸಾರ್" ಎಂದು ಅಂಗಡಿಯವರು ಹೇಳಿದಾಗ ಗಿರಾಕಿ ಪೆಟ್ರೋಲಿನ ಉಳಿತಾಯ ಎಂದುಕೊಳ್ಳುತ್ತಾನೆ, ಅವರು ಹೇಳಿದ್ದು ಟೈರು ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂಬುದನ್ನು. ಎರಡೂ ಬೇಕಾದವೇ, ಆದರೆ ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಹಾಗಾಗಿ ಯಾವ ಮೈಲೇಜ್ ಎಂದು ಕೇಳಿಬಿಡುವುದು ಲೇಸು. ಅಂದಕ್ಕಾಗಿ ಅಗಲದ ಟೈರು ಹಾಕಿಸುವವರಿಗೆ ಸಾಮಾನ್ಯವಾಗಿ ಪೆಟ್ರೋಲ್ ಹೆಚ್ಚೇ ಖರ್ಚಾಗುತ್ತದೆ.

ಕೊನೆಗೊಂದು ವಿಚಿತ್ರ. ಟೈರು ಸವೆದಂತೆ ಬಾಗುವ ರಬ್ಬರು ಕಡಿಮೆಯಾಗಿ ಉರುಳುತಡೆಯೂ ಇಳಿಯುತ್ತದೆ, ಆದ್ದರಿಂದ ಹೊಸ ಟೈರು ಹಾಕಿಸಿದ ಮೊದಲ ತಿಂಗಳು ಕಾರು ಹೆಚ್ಚು ಕುಡಿಯುತ್ತಿದೆ ಎಂಬ ದೂರು ಸುಳ್ಳಲ್ಲ. ಹಾಗೆಂದು ಬೋಳು ಟೈರಿನಲ್ಲಿ ಓಡಿಸುವಂತಿಲ್ಲ. ಟೈರಿನ ಮೇಲ್ಮೈಯ ತೋಡುಗಳ ತಳದಲ್ಲಿ ಇರುವ 1.6 ಮಿಲಿಮೀಟರ್ ಎತ್ತರದ ಗುರುತಿನ ಮಟ್ಟಕ್ಕೆ ಸವೆದ ಟೈರನ್ನು ಬದಲಿಸಲೇಬೇಕು. ಅಲ್ಲಿಯವರೆಗೆ, ಚೆನ್ನಾಗಿರುವ ಟೈರನ್ನು ಪರಿಸರದ ಹೆಸರಿನಲ್ಲಿ ಕಿತ್ತೆಸೆಯುವ ಬದಲು, ಚಾಲಕನ ಬಾಗಿಲಿನ ಅಂಚಿನಲ್ಲಿ ಅಂಟಿಸಿರುವ ಚೀಟಿಯನ್ನು ಓದಿಕೊಂಡು, ಟೈರು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಅಲ್ಲಿ ಬರೆದಷ್ಟು ಗಾಳಿ ಹಾಕಿಸಿದರೆ, ಕಡಿಮೆ ಗಾಳಿಯಿಂದ ಹೆಚ್ಚಿದ್ದ ತಡೆ ಹೆಚ್ಚಿನ ಖರ್ಚಿಲ್ಲದೆ ಇಳಿಯುತ್ತದೆ.