ಬರೀ ನಿದ್ದೆಯ ಗುಳಿಗೆಯಲ್ಲ

ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಯಾರಿಗಾದರೂ ಇಲ್ಲದ ದನಿಗಳು ಕೇಳತೊಡಗಿದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುವವರು ಇನ್ನೂ ಇದ್ದಾರೆ. ಆಸ್ಪತ್ರೆಗೆ ಬಂದ ಮೇಲೂ, ವೈದ್ಯರು ಕೊಡುವ ಗುಳಿಗೆಗಳ ಬಗ್ಗೆ ‘ಅವು ಬರೀ ನಿದ್ದೆ ಗುಳಿಗೆ’ ಎಂಬ ಮಾತು ಬೆನ್ನು ಬಿಡುವುದಿಲ್ಲ. ರೋಗಿ ತುಸು ಚೇತರಿಸಿಕೊಂಡ ಕೂಡಲೇ ಮನೆಯವರು ಗುಳಿಗೆ ನಿಲ್ಲಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ನನಗೆ ತಾಯಿತಕ್ಕಿಂತ ಈ ಮಾತಿನ ಭಯವೇ ಹೆಚ್ಚು.

ನಿದ್ದೆಯೇ ಮದ್ದಾಗಿದ್ದರೆ ಬಾರ್ಬಿಟ್ಯುರೇಟ್ ಎಂಬ ಹಳೆಯ ನಿದ್ದೆಮದ್ದುಗಳೇ ಸಾಕಾಗುತ್ತಿದ್ದವು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಕ್ಲೋರ್‌ಪ್ರೊಮಜಿನ್ ಕೊಟ್ಟಾಗ ರೋಗಿಗಳ ಭ್ರಮೆಗಳೇ ತಗ್ಗಿದವು. ಈ ಔಷಧ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ನರಕೋಶದ ಪೊರೆಯಾದರೋ ಸುಮಾರು 5 ನ್ಯಾನೋಮೀಟರ್ ದಪ್ಪದ, ಎರಡು ಪದರಗಳ ಕೊಬ್ಬು. ಆದ್ದರಿಂದ ಪೊರೆಯಲ್ಲೇ ಸೇರಿಕೊಂಡು ನರದ ಉದ್ರೇಕವನ್ನು ಇಳಿಸುತ್ತದೆ ಎಂಬ ಊಹೆ ಹುಟ್ಟಿತು. ಕೆನಡಾದ ಸಂಶೋಧಕ ಫಿಲಿಪ್ ಸೀಮನ್ ಇದನ್ನು ವರ್ಷಗಟ್ಟಲೆ ಕೆದಕಿದರು. ಲೆಕ್ಕ ಕೂಡಲಿಲ್ಲ: ಪೊರೆಯನ್ನು ಬದಲಿಸಲು ಬೇಕಾದ ಪ್ರಮಾಣ ರೋಗಿಯ ದೇಹದಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚಿತ್ತು. 1975ರಲ್ಲಿ ಅವರಿಗೆ, ಇದೇ ಬಗೆಯ ಮತ್ತೊಂದು ಔಷಧವಾದ ಹ್ಯಾಲೊಪೆರಿಡಾಲ್ ಅತ್ಯಲ್ಪ ಪ್ರಮಾಣದಲ್ಲೇ ಬಿಗಿಯಾಗಿ ಅಂಟುವ ತಾಣ ಸಿಕ್ಕಿತು. ಅದೇ ಡಿ2 ಡೋಪಮೈನ್ ಗ್ರಾಹಕ: ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ಹಿಡಿಯುವ, ಪೊರೆಯನ್ನು ಏಳು ಸಲ ಹಾದುಹೋಗುವ ಪ್ರೋಟೀನು.

ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುವುದನ್ನು ನೋಡಿದ್ದೀರಲ್ಲ? ಟವೆಲ್ಲು ಟಿಕೆಟ್ ಪಡೆಯುವುದಿಲ್ಲ, ಆದರೆ ಅದು ಇರುವಷ್ಟು ಹೊತ್ತು ಬೇರೆಯವರಿಗೆ ಜಾಗವಿಲ್ಲ. ಹ್ಯಾಲೊಪೆರಿಡಾಲ್ ಕೂಡ ಗ್ರಾಹಕವನ್ನು ಹಿಡಿದಿಡುತ್ತದೆ. ತಾನು ಸಂದೇಶ ಕಳಿಸುವುದಿಲ್ಲ, ಡೋಪಮೈನ್‌ಗೂ ಬಿಡುವುದಿಲ್ಲ. ಯಾವ ಔಷಧ ಎಷ್ಟು ಬಿಗಿಯಾಗಿ ಅಂಟುತ್ತದೋ ಅದರ ಡೋಸು ಅಷ್ಟು ಕಡಿಮೆ! ಹ್ಯಾಲೊಪೆರಿಡಾಲ್ ಕೆಲವೇ ಮಿಲಿಗ್ರಾಂ ಸಾಕು, ಕ್ಲೋರ್‌ಪ್ರೊಮಜಿನ್ ನೂರಾರು ಬೇಕು. ಪ್ರಯೋಗಾಲಯದ ಅಳತೆಯೂ ವೈದ್ಯರ ಚೀಟಿಯೂ ಹೀಗೆ ತಾಳೆಯಾದದ್ದು ನನ್ನ ಮಟ್ಟಿಗೆ ಮನೋವೈದ್ಯಶಾಸ್ತ್ರದ ಅತಿ ಸುಂದರ ಶೋಧ. ಮಿದುಳಿನ ಸ್ಟ್ರಯೇಟಮ್ ಭಾಗದಲ್ಲಿ ಸುಮಾರು ಶೇ 65ರಷ್ಟು ಡಿ2 ಗ್ರಾಹಕಗಳು ತುಂಬಿದಾಗ ಗುಣ ಕಾಣುತ್ತದೆ. ಶೇ 80 ದಾಟುವ ಹೊತ್ತಿಗೆ ಕೈ ನಡುಗುತ್ತದೆ, ನಡಿಗೆ ಬಿಗಿಯುತ್ತದೆ. ಡೋಸನ್ನು ವೈದ್ಯರೇ ಹೊಂದಿಸಬೇಕಾದದ್ದು ಇದಕ್ಕಾಗಿ. ಕ್ಲೋರ್‌ಪ್ರೊಮಜಿನ್ ತರುವ ತೂಕಡಿಕೆಯ ಮುಖ್ಯ ಮೂಲ ಬೇರೆ: ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ಗ್ರಾಹಕವನ್ನು ಅದು ತಡೆಯುವುದು.

ಹಾಗೆಂದು ಪೊರೆಯನ್ನು ಮರೆಯುವಂತಿಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಸೆರೊಟೋನಿನ್ ಎಂಬ ಮತ್ತೊಂದು ನರಸಂದೇಶದ ರಾಸಾಯನಿಕ ಕೋಶದೊಳಕ್ಕೆ ಮರಳುವುದನ್ನು ಗಂಟೆಗಳಲ್ಲೇ ತಡೆದರೂ ಮನಸ್ಸು ಹಗುರಾಗಲು ವಾರಗಳು ಬೇಕು. ಏಕೆ? ಪೊರೆಯಲ್ಲಿ ಕೊಲೆಸ್ಟರಾಲ್ ದಟ್ಟವಾಗಿರುವ ಪುಟ್ಟ ತುಣುಕುಗಳಿವೆ. ಶಿಕಾಗೋದ ವಿಜ್ಞಾನಿ ಮಾರ್ಕ್ ರಾಸೆನಿಕ್ ಪ್ರಯೋಗಾಲಯದ ಕೋಶಗಳಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ ಈ ಔಷಧ ಅಲ್ಲಿ ನಿಧಾನವಾಗಿ ಶೇಖರವಾಗಿ, ಸಿಕ್ಕಿಕೊಂಡಿದ್ದ ಜಿ-ಪ್ರೋಟೀನನ್ನು (ಗ್ರಾಹಕದ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವ ಪ್ರೋಟೀನು) ದಿನಗಳ ಅವಧಿಯಲ್ಲಿ ಹೊರಗೆಳೆಯುತ್ತದೆ. ಬೇಗ ಗುಣ ತೋರುವ ಕೆಟಮಿನ್, ಅದೇ ಕೋಶಗಳಲ್ಲಿ, ಈ ಕೆಲಸವನ್ನು ನಿಮಿಷಗಳಲ್ಲಿ ಮುಗಿಸಿತು.