ಎರಡು ರಿಪೋರ್ಟು, ಒಂದು ತಲೆನೋವು

ಕಳೆದ ವರ್ಷ ಒಂದು ಸಂಜೆ ನನ್ನ ತಂಗಿ ಎರಡು ದೊಡ್ಡ ಕವರ್ ಹಿಡಿದುಕೊಂಡು ಮನೆಗೆ ಬಂದಳು. ಒಂದರಲ್ಲಿ ಮೆದುಳಿನ ಎಂಆರ್‌ಐ, ಇನ್ನೊಂದರಲ್ಲಿ ಹೃದಯದ ಎಕೋ, ಅಂದರೆ ಶಬ್ದತರಂಗದಿಂದ ಮಾಡುವ ಸ್ಕ್ಯಾನ್. ಕಾಲೇಜಿನ ದಿನಗಳಿಂದಲೂ ಅವಳಿಗೆ ಮೈಗ್ರೇನ್. ಜೊತೆಗೆ ಈಚೆಗೆ ಎದೆ ಢವಢವ ಅಂತಿತ್ತು. ಅದಕ್ಕೆ ಒಂದು ಆಸ್ಪತ್ರೆಯಲ್ಲಿ ಎರಡೂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಕೈಗಿಟ್ಟು, ಹದಿನೈದು ದಿನ ಬಿಟ್ಟು ಬನ್ನಿ ಎಂದಿದ್ದರು. ತಲೆಯ ರಿಪೋರ್ಟಿನಲ್ಲಿ ‘ವೈಟ್ ಮ್ಯಾಟರ್‌ನಲ್ಲಿ ಕೆಲವು ಬಿಳಿ ಚುಕ್ಕೆಗಳು’ ಎಂದಿತ್ತು. ಎದೆಯದರಲ್ಲಿ ‘ಮೈಲ್ಡ್ ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್’.

“ಅಕ್ಕ, ಹಾರ್ಟ್‌ನಿಂದ ಏನೋ ಹೋಗಿ ತಲೇಲಿ ಚುಕ್ಕೆ ಆಗಿದೆಯಾ? ಅದಕ್ಕೇ ನಂಗೆ ತಲೆನೋವಾ?” ಅಂದಳು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಅವಳು.

ಪೆದ್ದು ಪ್ರಶ್ನೆಯಲ್ಲ ಅದು. ವೈದ್ಯರೇ ಸುಮಾರು ಐವತ್ತು ವರ್ಷದಿಂದ ಇದೇ ಪ್ರಶ್ನೆ ಕೇಳಿಕೊಂಡು ಬಂದಿದ್ದಾರೆ. ನಮ್ಮ ಬೆಂಗಳೂರಿನಲ್ಲಿ ತಲೆಗೊಂದು, ಎದೆಗೊಂದು ದೊಡ್ಡಾಸ್ಪತ್ರೆ. ನಿಮ್ಹಾನ್ಸ್‌ನಿಂದ ಹೊರಟು ಡೇರಿ ಸರ್ಕಲ್ ದಾಟಿ ಬನ್ನೇರುಘಟ್ಟ ರಸ್ತೆ ಹಿಡಿದರೆ ಜಯದೇವ. ಟ್ರಾಫಿಕ್ ಇಲ್ಲದಿದ್ದರೆ ಆಟೋದಲ್ಲಿ ಹತ್ತು-ಹದಿನೈದು ನಿಮಿಷ. ಆದರೆ ತಲೆನೋವಿನಿಂದ ಹೃದಯಕ್ಕೆ ದಾರಿ ಹುಡುಕಿದ ವೈದ್ಯರು ನಡುವೆ ಒಂದೆರಡು ಸಲ ದಾರಿ ತಪ್ಪಿದ್ದಾರೆ.

ತಲೆನೋವಿನ ಕಡೆಯಿಂದಲೇ ಶುರು ಮಾಡೋಣ. ನಮ್ಮಲ್ಲಿ ಅರೆತಲೆನೋವು ಅಂತೀವಿ. ಮೈಗ್ರೇನ್ ಎಂಬ ಮಾತು ಹುಟ್ಟಿದ್ದೂ ‘ಅರ್ಧ ತಲೆಬುರುಡೆ’ ಎಂಬ ಗ್ರೀಕ್ ಪದದಿಂದಲೇ. ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಅಮೆರಿಕದ ಹೆರಾಲ್ಡ್ ವುಲ್ಫ್ ಇದು ರಕ್ತನಾಳದ ಕಾಯಿಲೆ ಎಂದರು. ನಾಳ ಕುಗ್ಗಿದಾಗ ಕಣ್ಣ ಮುಂದೆ ಮಿಂಚು, ಹಿಗ್ಗಿದಾಗ ನೋವು ಎಂಬುದು ಅವರ ವಾದ. ದಶಕಗಟ್ಟಲೆ ಎಲ್ಲರೂ ಇದನ್ನೇ ನಂಬಿದರು.

ಆ ಮಿಂಚಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೈಗ್ರೇನ್ ಇರುವ ಕೆಲವರಿಗೆ ನೋವಿಗೆ ಮುಂಚೆ ಕಣ್ಣಿನ ಒಂದು ಮೂಲೆಯಲ್ಲಿ ಗರಗಸದ ಹಲ್ಲಿನಂಥ ಹೊಳೆಯುವ ಗೆರೆ ಕಾಣಿಸುತ್ತದೆ. ಅದು ಮೆಲ್ಲಗೆ ಹರಡುತ್ತದೆ. ಹಿಂದೆಯೇ ಒಂದು ಕುರುಡು ಜಾಗ ಬಿಟ್ಟುಹೋಗುತ್ತದೆ. ಇದಕ್ಕೆ ಔರಾ ಎನ್ನುತ್ತಾರೆ. ಕಾರ್ಲ್ ಲ್ಯಾಶ್ಲಿ ಎಂಬ ವಿಜ್ಞಾನಿ ತನ್ನದೇ ಔರಾವನ್ನು ಗಮನಿಸಿ ಚಿತ್ರ ಬರೆದು, ಮೆದುಳಿನ ಮೇಲೆ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದರು. ಮೂರು ವರ್ಷದ ನಂತರ, 1944ರಲ್ಲಿ, ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವ್ ಮೊಲದ ಮೆದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯನ್ನು ಕಂಡರು. ನರಕೋಶಗಳು ಸಾಲಾಗಿ ಒಮ್ಮೆ ಕೆರಳಿ ಆಮೇಲೆ ಸುಮ್ಮನಾಗುವ ಅಲೆ ಅದು. ಒಬ್ಬರು ತಮ್ಮ ಕಣ್ಣಿಗೆ ಕಂಡದ್ದನ್ನೇ ನಂಬಿ ಅಳೆದದ್ದು, ಇನ್ನೊಬ್ಬರು ಪ್ರಯೋಗಶಾಲೆಯಲ್ಲಿ ಅಳೆದದ್ದು, ಎರಡೂ ತಾಳೆಯಾದವು. ನನಗಂತೂ ಇಡೀ ಚರಿತ್ರೆಯಲ್ಲಿ ಇದೇ ಬಹಳ ಇಷ್ಟವಾದ ಭಾಗ.

ಇನ್ನು ಹೃದಯದ ಕವಾಟ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಎರಡು ರೆಕ್ಕೆಯ ಒಂದು ಬಾಗಿಲಿದೆ. ಅದೇ ಮೈಟ್ರಲ್ ವಾಲ್ವ್. ಕೆಲವರಿಗೆ ಸ್ಟೆತಸ್ಕೋಪ್ ಇಟ್ಟರೆ ನಡುವೆ ಒಂದು ‘ಟಿಕ್’ ಸದ್ದು ಕೇಳಿಸುತ್ತದೆ. ಅದು ಹೃದಯದ ಹೊರಗಿನಿಂದ ಬರುವ ಸದ್ದು, ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎಂದುಕೊಂಡಿದ್ದರು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಡಾ. ಜಾನ್ ಬಾರ್ಲೋ 1963ರಲ್ಲಿ, ಅಲ್ಲ, ಅದು ಮೈಟ್ರಲ್ ವಾಲ್ವ್‌ನದೇ ಸದ್ದು ಎಂದು ತೋರಿಸಿದರು. ಬಾಗಿಲಿನ ರೆಕ್ಕೆ ಸಡಿಲಾಗಿ ಹಿಂದಕ್ಕೆ ಉಬ್ಬುತ್ತದೆ, ಒಮ್ಮೊಮ್ಮೆ ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಇದಕ್ಕೆ ಪ್ರೊಲ್ಯಾಪ್ಸ್ ಎಂಬ ಹೆಸರು ಬಂದದ್ದು 1966ರಲ್ಲಿ.

ಆಮೇಲೆ ಎಕೋ ಯಂತ್ರ ಬಂತು. ಹುಡುಕಿದಲ್ಲೆಲ್ಲ ಪ್ರೊಲ್ಯಾಪ್ಸ್ ಸಿಗತೊಡಗಿತು! ಆರೋಗ್ಯವಾಗಿದ್ದವರಲ್ಲೇ ನೂರಕ್ಕೆ ಹತ್ತು-ಹದಿನೈದು ಜನರಲ್ಲಿದೆ ಎಂಬ ವರದಿಗಳು ಬಂದವು. ಇಷ್ಟೊಂದು ಜನರಿಗಿದೆ ಎಂದಮೇಲೆ ಅವರ ಬೇರೆ ಕಾಯಿಲೆಗಳನ್ನೂ ಅದರ ತಲೆಗೇ ಕಟ್ಟಿದರು. ಸುಸ್ತು, ಗಾಬರಿ, ಎದೆ ಢವಢವ, ಎಲ್ಲಕ್ಕೂ ಕವಾಟವೇ ಕಾರಣ. 1970ರ ದಶಕದ ಕೊನೆಗೆ ಆ ಪಟ್ಟಿಗೆ ಮೈಗ್ರೇನ್ ಕೂಡ ಸೇರಿತು. 1980ರಲ್ಲಿ ಕೆನಡಾದ ಹೆನ್ರಿ ಬಾರ್ನೆಟ್ ತಂಡ, 45 ವರ್ಷದೊಳಗೆ ಸ್ಟ್ರೋಕ್ ಆದವರಲ್ಲಿ ನೂರಕ್ಕೆ 40 ಮಂದಿಗೆ ಪ್ರೊಲ್ಯಾಪ್ಸ್ ಇದೆ ಎಂದು ಬರೆಯಿತು. ಸಡಿಲ ಕವಾಟದ ಮೇಲೆ ಸಣ್ಣ ಹೆಪ್ಪು ಕಟ್ಟಿ, ಕಿತ್ತು, ಮೆದುಳಿಗೆ ಹೋಗುತ್ತದೆ ಎಂಬ ವಿವರಣೆ ಎಲ್ಲರಿಗೂ ಒಪ್ಪಿಗೆಯಾಯಿತು. ನನ್ನ ತಂಗಿ ಹೆದರಿದ್ದೂ ಇದಕ್ಕೇ.

ತಪ್ಪು ಎಲ್ಲಿತ್ತು ಗೊತ್ತಾ? ಬಾಗಿಲಿನ ಚೌಕಟ್ಟಿನಲ್ಲಿ. ಕವಾಟ ಕೂತಿರುವ ಉಂಗುರ ತಟ್ಟೆಯ ಅಂಚಿನಂತೆ ಸಮತಟ್ಟಾಗಿದೆ ಎಂದು ಎಲ್ಲರೂ ಭಾವಿಸಿದ್ದರು. ಅದು ಕುದುರೆಯ ಜೀನಿನಂತೆ ಎರಡು ಕಡೆ ಎದ್ದು ಎರಡು ಕಡೆ ತಗ್ಗಿದೆ ಎಂದು ಬೋಸ್ಟನ್‌ನ ರಾಬರ್ಟ್ ಲೆವಿನ್ 1980ರ ದಶಕದ ಕೊನೆಗೆ ತೋರಿಸಿದರು. ಒಂದು ಕೋನದಿಂದ ನೋಡಿದರೆ ಸರಿಯಾಗಿರುವ ರೆಕ್ಕೆಯೂ ಉಬ್ಬಿದಂತೆ ಕಾಣುತ್ತಿತ್ತು ಅಷ್ಟೆ. ಹೊಸ ಅಳತೆ ಹಿಡಿದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 3,491 ಜನರನ್ನು ಪರೀಕ್ಷಿಸಿದಾಗ ಪ್ರೊಲ್ಯಾಪ್ಸ್ ಇದ್ದದ್ದು ನೂರಕ್ಕೆ 2.4 ಮಂದಿಗೆ ಮಾತ್ರ. ಅದು 1999. ಅದೇ ವರ್ಷ ಎಳೆ ವಯಸ್ಸಿನಲ್ಲಿ ಸ್ಟ್ರೋಕ್ ಆದ 213 ಮಂದಿಯನ್ನು ನೋಡಿದರು. ಅವರಲ್ಲಿ ನೂರಕ್ಕೆ 1.9, ಸ್ಟ್ರೋಕ್ ಆಗದವರಲ್ಲಿ 2.7. ಸಂಬಂಧವೇ ಕಾಣಲಿಲ್ಲ. ಎಷ್ಟು ಜನ ಹೆಣ್ಣುಮಕ್ಕಳು ಇಲ್ಲದ ಹೃದ್ರೋಗವನ್ನು ವರ್ಷಗಟ್ಟಲೆ ಹೊತ್ತು ತಿರುಗಿದರೋ, ನೆನೆದರೆ ಸಂಕಟವಾಗುತ್ತದೆ.

ಅಷ್ಟರಲ್ಲಿ ಸಂಶಯ ಹೃದಯದ ಇನ್ನೊಂದು ಜಾಗಕ್ಕೆ ಹೋಗಿತ್ತು. ಹೊಟ್ಟೆಯಲ್ಲಿರುವ ಮಗುವಿನ ಹೃದಯದಲ್ಲಿ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ಮುಚ್ಚುವುದಿಲ್ಲ. ಪಿಎಫ್‌ಓ ಅನ್ನುವುದು ಇದಕ್ಕೇ. ಔರಾ ಇರುವವರಲ್ಲಿ ಇದು ಸುಮಾರು ಅರ್ಧದಷ್ಟು ಜನರಿಗಿದೆ ಎಂದು 1990ರ ದಶಕದ ಕೊನೆಯಲ್ಲಿ ಇಟಲಿಯ ವೈದ್ಯರು ಕಂಡರು. ಶ್ವಾಸಕೋಶದಲ್ಲಿ ಸೋಸಿಹೋಗಬೇಕಾದ ಸಣ್ಣ ಹೆಪ್ಪು ಈ ಕಿಂಡಿಯಲ್ಲಿ ನುಸುಳಿ ನೇರ ಮೆದುಳಿಗೆ ಹೋಗಿ ಲಿಯಾವ್ ಕಂಡ ಅಲೆಯನ್ನು ಎಬ್ಬಿಸಬಹುದಲ್ವಾ? ಇಲಿಗಳಲ್ಲಿ ಹಾಗಾಗುವುದನ್ನು 2010ರಲ್ಲಿ ತೋರಿಸಿದ್ದೂ ಆಯಿತು.

ಹಾಗಾದರೆ ಕಿಂಡಿ ಮುಚ್ಚಿದರೆ ತಲೆನೋವು ನಿಲ್ಲಬೇಕು. ಬ್ರಿಟನ್‌ನಲ್ಲಿ 147 ಜನರ ಮೇಲೆ ಪರೀಕ್ಷಿಸಿದರು. ಅರ್ಧ ಜನರಿಗೆ ಕಿಂಡಿ ಮುಚ್ಚಿದರು, ಇನ್ನರ್ಧಕ್ಕೆ ಮುಚ್ಚಿದಂತೆ ಮಾಡಿದರು. ಫಲಿತಾಂಶ 2008ರಲ್ಲಿ ಬಂತು. ತಲೆನೋವು ಪೂರ್ತಿ ನಿಂತದ್ದು ಆ ಗುಂಪಿನಲ್ಲಿ ಮೂವರಿಗೆ, ಈ ಗುಂಪಿನಲ್ಲೂ ಮೂವರಿಗೆ. ಆ ಪರೀಕ್ಷೆ ನಡೆಸಿದವರಲ್ಲೇ ಒಬ್ಬರಾದ ಡಾ. ಪೀಟರ್ ವಿಲ್ಮ್‌ಶರ್ಸ್ಟ್ ಅದರ ಲೋಪಗಳನ್ನು ಬಹಿರಂಗವಾಗಿ ಹೇಳಿದ್ದಕ್ಕೆ, ಕಿಂಡಿ ಮುಚ್ಚುವ ಸಾಧನ ತಯಾರಿಸಿದ ಕಂಪನಿ ಅವರ ಮೇಲೆ ಮಾನನಷ್ಟ ಕೇಸು ಹಾಕಿತು. 2011ರಲ್ಲಿ ಕಂಪನಿಯೇ ಮುಚ್ಚಿ ಕೇಸು ಮುಗಿಯಿತು. ಅಮೆರಿಕದ ಪರೀಕ್ಷೆಯೂ 2017ರಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ, ಔರಾ ಇದ್ದ ಕೆಲವರಿಗೆ ಮಾತ್ರ ಒಳ್ಳೆಯದಾದಂತೆ ಕಂಡಿತು. ಕಾರಣ ಸಿಗದ ಸ್ಟ್ರೋಕ್ ಆದ ಎಳೆಯರಲ್ಲಿ ಕಿಂಡಿ ಮುಚ್ಚುವುದಕ್ಕೆ ಅರ್ಥವಿದೆ. ತಲೆನೋವಿಗೆಂದೇ ಮುಚ್ಚಿಸುವುದು ಈಗಿನ ತಿಳಿವಳಿಕೆಯಲ್ಲಿ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಬಿಳಿ ಚುಕ್ಕೆಗಳ ಕಥೆಗೆ ನೆದರ್‌ಲ್ಯಾಂಡ್ಸ್‌ಗೆ ಹೋಗಬೇಕು. 2004ರಲ್ಲಿ ಅಲ್ಲಿನವರು ಮೈಗ್ರೇನ್ ಇರುವ 295 ಮಂದಿ, ಇಲ್ಲದ 140 ಮಂದಿಯ ಎಂಆರ್‌ಐ ಹೋಲಿಸಿದರು. ಹಿಂಮೆದುಳಿನಲ್ಲಿ ಗೊತ್ತೇ ಆಗದ ಸಣ್ಣ ಸ್ಟ್ರೋಕ್ ಗುರುತುಗಳು ಮೈಗ್ರೇನ್ ಇರುವವರಲ್ಲಿ ನೂರಕ್ಕೆ 5.4, ಇಲ್ಲದವರಲ್ಲಿ 0.7. ಹೆಂಗಸರಲ್ಲಿ ಬಿಳಿ ಚುಕ್ಕೆಯೂ ಜಾಸ್ತಿ. ಎಲ್ಲರೂ ಬೆಚ್ಚಿದರು. ಆದರೆ ಅದೇ ಜನರನ್ನು ಒಂಬತ್ತು ವರ್ಷ ಬಿಟ್ಟು ಮತ್ತೆ ಕರೆಸಿದ್ದು ದೊಡ್ಡ ಕೆಲಸ. ಮೈಗ್ರೇನ್ ಇರುವ ಹೆಂಗಸರಲ್ಲಿ ನೂರಕ್ಕೆ 77 ಮಂದಿಗೆ ಚುಕ್ಕೆ ಹೆಚ್ಚಿತ್ತು. ಇಲ್ಲದವರಲ್ಲೂ 60! ಜ್ಞಾಪಕಶಕ್ತಿ, ಯೋಚನಾಶಕ್ತಿ ಕುಂದಿದ್ದು ಕಾಣಲಿಲ್ಲ. ತಲೆನೋವು ಎಷ್ಟು ಸಲ ಬಂತು ಎಂಬುದಕ್ಕೂ ಚುಕ್ಕೆಗೂ ತಾಳೆಯಿರಲಿಲ್ಲ.

ಇಷ್ಟು ಹೇಳಿ ಕವಾಟದ ಕಾಯಿಲೆಯನ್ನು ಹಗುರ ಮಾಡಬಾರದು. ನಮ್ಮ ದೇಶದಲ್ಲಿ ಇನ್ನೊಂದು ಕವಾಟದ ಕಾಯಿಲೆಯಿದೆ, ರುಮ್ಯಾಟಿಕ್. ಚಿಕ್ಕಂದಿನ ಗಂಟಲು ಸೋಂಕು ಕೀಲುನೋವಿನ ಜ್ವರವಾಗಿ ತಿರುಗಿ, ವರ್ಷಗಳ ನಂತರ ಅದೇ ಮೈಟ್ರಲ್ ವಾಲ್ವ್ ಗಡುಸಾಗಿ ಕಿರಿದಾಗುತ್ತದೆ. ಎಡಕೋಣೆ ಹಿಗ್ಗಿ, ಬಡಿತ ತಾಳ ತಪ್ಪಿ, ಒಳಗೆ ಹೆಪ್ಪು ಕಟ್ಟುತ್ತದೆ. ಅದು ಮೆದುಳಿಗೆ ಹಾರಿದರೆ ನಿಜವಾದ ಸ್ಟ್ರೋಕ್. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಗೊಳ್ಳುವ ಮಕ್ಕಳು ಅದನ್ನು ತಪ್ಪಿಸಲೇಬಾರದು ಎನ್ನುವುದು ಇದಕ್ಕೇ.

ತಲೆನೋವಂತೂ ನಮ್ಮೂರಲ್ಲಿ ಮನೆಮನೆಯ ಮಾತು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಮನೆ ಬಾಗಿಲಿಗೆ ಹೋಗಿ ಕೇಳಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದಲ್ಲಿ ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಮೈಗ್ರೇನ್. ಅಷ್ಟೂ ಜನರನ್ನು ಸ್ಕ್ಯಾನ್‌ಗೆ ಕಳಿಸಿದರೆ ಚುಕ್ಕೆ ಕಂಡು ಹೆದರುವವರೇ ಎಷ್ಟಾಗಬಹುದು!

ಕೊನೆಗೆ ತಂಗಿಯನ್ನು ಬೇರೊಬ್ಬ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಎರಡೂ ರಿಪೋರ್ಟ್ ನೋಡಿ, ಇವುಗಳಿಂದ ಏನೂ ಭಯವಿಲ್ಲ ಎಂದು ಪಕ್ಕಕ್ಕಿಟ್ಟರು. “ನೋವಿಗೆ ಮುಂಚೆ ಕಣ್ಣಿಗೆ ಏನಾದ್ರೂ ಕಾಣುತ್ತೇನಮ್ಮ?” ಎಂದು ಕೇಳಿದರು. ಇವಳು ಬೆರಳಿನಿಂದ ಗಾಳಿಯಲ್ಲಿ ಒಂದು ಅಂಕುಡೊಂಕು ಗೆರೆ ಎಳೆದಳು. “ಬಿಪಿ ಇದೆಯಾ? ಸಿಗರೇಟು? ಯಾವುದಾದ್ರೂ ಹಾರ್ಮೋನ್ ಮಾತ್ರೆ?” ಇತ್ತು. ಮುಟ್ಟು ಸರಿಯಾಗಲೆಂದು ಎರಡು ವರ್ಷದಿಂದ ಈಸ್ಟ್ರೋಜನ್ ಇರುವ ಮಾತ್ರೆ ತಗೊಳ್ಳುತ್ತಿದ್ದಳು. ಔರಾ ಇರುವವರಿಗೆ ಸ್ಟ್ರೋಕ್ ಅಪಾಯ ಮೊದಲೇ ಉಳಿದವರ ಸುಮಾರು ಎರಡರಷ್ಟು. ಈ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ, ಸಿಗರೇಟು ಸೇರಿದರೆ ಮತ್ತೂ. ಎಳೆ ವಯಸ್ಸಿನಲ್ಲಿ ಆ ಅಪಾಯ ತೀರಾ ಚಿಕ್ಕದೇ ಆದರೂ ಬೇಕೆಂದೇ ಏರಿಸಿಕೊಳ್ಳುವುದೇಕೆ? ಸ್ತ್ರೀರೋಗ ತಜ್ಞರ ಜೊತೆ ಮಾತಾಡಿ ಅದನ್ನು ಬದಲಿಸಿದರು. ಎರಡು ಸ್ಕ್ಯಾನ್ ಆಗುವವರೆಗೂ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಈಗ ಅವಳ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಕೆಂಪು ಚುಕ್ಕೆ ಇಡುತ್ತಾಳೆ. ಮಿಂಚು ಕಂಡ ದಿನ ಚುಕ್ಕೆಯ ಪಕ್ಕ ಒಂದು ಪುಟ್ಟ ಅಂಕುಡೊಂಕು ಗೆರೆ. ಮೊನ್ನೆ ಹೋದಾಗ ನೋಡಿದೆ. ಆ ತಿಂಗಳಲ್ಲಿ ಮೂರು ಚುಕ್ಕೆ, ಒಂದೇ ಗೆರೆ.